ಗ್ಯಾರೇಜಿನಲ್ಲೇ ಟಿಯರ್‌ಡ್ರಾಪ್ ಕ್ಯಾಂಪರ್ ಕಟ್ಟುತ್ತಿದ್ದೇನೆ: 1,500 ಪೌಂಡ್ ತೂಕದೊಳಗೆ ಮುಗಿಯುತ್ತಾ?

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಿ

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದು ಟಿಯರ್‌ಡ್ರಾಪ್ ಟ್ರೈಲರ್ ಕಟ್ಟಬೇಕು ಅಂತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮಲಗುವ ಕೋಣೆ. ಪಕ್ಕದಿಂದ ನೋಡಿದರೆ ನೀರಿನ ಹನಿಯ ಆಕಾರ. ಒಳಗೆ ಇಬ್ಬರಿಗೆ ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಒಳಗೆ ಕೂರಬಹುದು, ನಿಲ್ಲಲು ಆಗುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಿಶಿಗನ್‌ನ ಅಪ್ಪರ್ ಪೆನಿನ್ಸುಲಾ ಸುತ್ತಬೇಕು. ಪಿಕ್ಚರ್ಡ್ ರಾಕ್ಸ್, ಪಾರ್ಕ್ಯುಪೈನ್ ಮೌಂಟನ್ಸ್ ಎರಡೂ ಪಟ್ಟಿಯಲ್ಲಿವೆ. ಟೆಂಟ್‌ನಲ್ಲಿ ನೆಲದ ಮೇಲೆ ಮಲಗಿದರೆ ನನ್ನ ಹೆಂಡತಿಗೆ ಬೆನ್ನು ಹಿಡಿದುಕೊಳ್ಳುತ್ತದೆ.

ಕಾರು ಹೋಂಡಾ ಸಿಆರ್-ವಿ. 1,500 ಪೌಂಡ್ ಎಳೆಯಬಹುದು ಅಂತ ಮ್ಯಾನ್ಯುಯಲ್‌ನಲ್ಲಿದೆ. ಹಾರ್ಬರ್ ಫ್ರೈಟ್ ಅಂಗಡಿಯಲ್ಲಿ ಸಿಗುವ 4 ಅಡಿ ಅಗಲ, 8 ಅಡಿ ಉದ್ದದ ಬೋಲ್ಟ್ ಹಾಕಿ ಜೋಡಿಸುವ ಟ್ರೈಲರ್ ಕಿಟ್ ನೋಡಿಟ್ಟಿದ್ದೇನೆ. ಅದು 1,720 ಪೌಂಡ್ ಹೊರುತ್ತದೆ. ಅದರ ಮೇಲೆ ಮುಕ್ಕಾಲು ಇಂಚಿನ ಬರ್ಚ್ ಪ್ಲೈವುಡ್ ಗೋಡೆ, ಹೊರಗೆ ಅಲ್ಯೂಮಿನಿಯಂ ಶೀಟ್. ತೂಕದ ಲೆಕ್ಕ ಸರಿಯಾಗುತ್ತದೆ ಅಂತ ನನ್ನ ಅಂದಾಜು.

ನನಗೆ ಗೊಂದಲ ಇರುವುದು ಇಲ್ಲಿ. ಪ್ಲೈವುಡ್ ಒಳ್ಳೆಯದಾ, ಫೋಮ್ ಒಳ್ಳೆಯದಾ? ಅಗಲ 4 ಅಡಿ ಸಾಕಾ, 5 ಬೇಕಾ? ಆರು ವರ್ಷದ ಮಗಳಿದ್ದಾಳೆ, ಅವಳನ್ನು ಎಲ್ಲಿ ಮಲಗಿಸುವುದು? ಕಟ್ಟಿದವರು, ಎಳೆದವರು, ಮರಗೆಲಸ ಬಲ್ಲವರು ದಯವಿಟ್ಟು ಹೇಳಿ.

ಆಸ್ಟಿನ್ ತಿಪ್ಪೇಶ

ಮೊದಲು ಇದು ಹೇಳಿ. ನಿಮ್ಮ ಸಿಆರ್-ವಿ ಹೈಬ್ರಿಡ್ ಅಲ್ಲ ತಾನೆ? ಈಚಿನ ಹೈಬ್ರಿಡ್‌ಗೆ ಇಲ್ಲಿ ಮಿತಿ 1,000 ಪೌಂಡ್ ಮಾತ್ರ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಿ

ಅಲ್ಲ ಸರ್, ಪೆಟ್ರೋಲ್ ಟರ್ಬೊ. 1,500 ಅಂತಲೇ ಇದೆ.

ಬಡಗಿ ಮೊಮ್ಮಗ

ಗಿರಿ ಅವರೇ, ಆ 1,720 ಮತ್ತು 1,500 ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. 1,720 ಅಂದರೆ ಆ ಚೌಕಟ್ಟಿನ ಮೇಲೆ ಎಷ್ಟು ಹೇರಬಹುದು ಅನ್ನುವ ಲೆಕ್ಕ. 1,500 ಅಂದರೆ ಕಾರಿನ ಹಿಂದೆ ಬರುವ ಎಲ್ಲದರ ಒಟ್ಟು ತೂಕ. ಚೌಕಟ್ಟು, ಚಕ್ರ, ಗೋಡೆ, ಹಾಸಿಗೆ, ನೀರು, ಅಕ್ಕಿ, ಬಟ್ಟೆ ಎಲ್ಲ ಸೇರಿ. ನಿಮಗೆ ಲೆಕ್ಕಕ್ಕೆ ಬರುವುದು 1,500 ಒಂದೇ.

ಈಗ ಕೂಡಿಸಿ ನೋಡಿ. ಮುಕ್ಕಾಲು ಇಂಚಿನ ಒಂದು ಪ್ಲೈ ಹಾಳೆ ಹತ್ತಿರ ಹತ್ತಿರ 70 ಪೌಂಡ್. ಅರ್ಧ ಇಂಚಿನದು 45ರ ಆಸುಪಾಸು. ಎರಡು ಗೋಡೆಗೇ 140 ಹೋಯಿತು. ನೆಲ, ಮೇಲ್ಛಾವಣಿಯ ಪಟ್ಟಿಗಳು, ಒಳಗಿನ ತೆಳು ಪ್ಲೈ ಸೇರಿ ಇನ್ನೊಂದು 130. ಅಲ್ಯೂಮಿನಿಯಂ ಒಂದು ಮಿಲಿಮೀಟರ್ ದಪ್ಪದ್ದಾದರೆ ಪ್ರತಿ ಹಾಳೆಗೆ 18 ಪೌಂಡ್. ಕಬಾಟು, ಬಾಗಿಲು, ಫ್ಯಾನ್, ಹಾಸಿಗೆ, ಬ್ಯಾಟರಿ. ಆಮೇಲೆ ನೀರು. 7 ಗ್ಯಾಲನ್ ಕ್ಯಾನ್ ಒಂದೇ 58 ಪೌಂಡ್ ತೂಗುತ್ತದೆ. 4 ಅಡಿ ಅಗಲದ್ದನ್ನು ಸಾಮಾನು ಸಮೇತ 1,100ರ ಸುಮಾರಿಗೆ ನಿಲ್ಲಿಸಬಹುದು, ಕೈ ಬಿಗಿ ಹಿಡಿದರೆ. 5 ಅಡಿ ಅಗಲ, 10 ಅಡಿ ಉದ್ದಕ್ಕೆ ಹೋದರೆ ಈ ಕಾರಿಗೆ ಬೇಡವೇ ಬೇಡ.

ನನ್ನ ಸಲಹೆ ಇಷ್ಟು. ಮುಕ್ಕಾಲು ಇಂಚಿನ ಗಟ್ಟಿ ಪ್ಲೈ ಬಿಡಿ. ಮುಕ್ಕಾಲು ಇಂಚಿನ ಪೈನ್ ಪಟ್ಟಿಗಳ ಚೌಕಟ್ಟು ಮಾಡಿ. ಖಾಲಿ ಜಾಗಕ್ಕೆ ಫೋಮ್ ಶೀಟ್ ತುಂಬಿ. ಹೊರಗೆ ಕಾಲು ಇಂಚಿನ ಪ್ಲೈ, ಒಳಗೆ ಅದರ ಅರ್ಧ ದಪ್ಪದ್ದು. ಮೂರನ್ನೂ ಅಂಟಿನಿಂದ ಒಂದು ಮಾಡಿದರೆ ಗೋಡೆ ಹಗುರ, ಗಟ್ಟಿ, ಚಳಿಗೂ ತಡೆ.

ಶಿರಸಿ ಸೊಸೆ

ಅಷ್ಟೆಲ್ಲ ಪಟ್ಟಿ ಕತ್ತರಿಸುವ ಕೆಲಸ ಯಾಕೆ? ಪೂರ್ತಿ ಫೋಮ್‌ನಲ್ಲೇ ಕಟ್ಟಬಹುದಲ್ವಾ. ನಾವು ಮಿನೆಸೋಟದಲ್ಲಿ ಹಾಗೇ ಕಟ್ಟಿದೆವು. ಇಲ್ಲಿ ಇದಕ್ಕೆ ಫೋಮಿ ಅಂತಾರೆ. ಗೋಡೆಗೆ, ಮಾಡಿಗೆ ಗುಲಾಬಿ ಬಣ್ಣದ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಾಳೆ. ಎರಡು ಇಂಚು ದಪ್ಪದ ಇಡೀ ಹಾಳೆ ಎಂಟು ಪೌಂಡ್ ಆಗುತ್ತದೆ ಅಷ್ಟೆ. ನಾನೊಬ್ಬಳೇ ಒಂದು ಗೋಡೆ ಎತ್ತಿ ನಿಲ್ಲಿಸಿದೆ.

ಫೋಮ್ ಮೇಲೆ ಕ್ಯಾನ್ವಾಸ್ ಬಟ್ಟೆ ಅಂಟಿಸಬೇಕು. ಪೇಂಟ್ ಅಂಗಡಿಯಲ್ಲಿ ನೆಲಕ್ಕೆ ಹಾಸಲು ಸಿಗುತ್ತದಲ್ಲ, ಅದೇ ಬಟ್ಟೆ. ಮೊದಲು ಒಗೆದು ಒಣಗಿಸಿಕೊಳ್ಳಿ. ಫೋಮ್ ಮೇಲ್ಮೈಯನ್ನು ತಂತಿ ಬ್ರಷ್‌ನಿಂದ ಒರಟು ಮಾಡಿ. ಮರದ ಅಂಟಿಗೆ ಸ್ವಲ್ಪ ನೀರು ಬೆರೆಸಿ ರೋಲರ್‌ನಲ್ಲಿ ಹಚ್ಚಿ. ಬಟ್ಟೆ ಹಾಸಿ, ಮೇಲೆ ಮತ್ತೊಂದು ಕೈ ಅಂಟು. ಒಣಗಿದ ಮೇಲೆ ಹೊರಗೋಡೆಗೆ ಹಚ್ಚುವ ಲೇಟೆಕ್ಸ್ ಪೇಂಟ್. ಮೊದಲ ಕೈ ತೆಳ್ಳಗೆ ಹಚ್ಚಿ, ಬಟ್ಟೆ ಕುಡಿಯಬೇಕು. ಆಮೇಲೆ ಮೂರು ನಾಲ್ಕು ಕೈ. ಬಟ್ಟೆ ಅಂಚಿನಲ್ಲಿ ಒಂದರ ಮೇಲೊಂದು ಬರುವ ಹಾಗೆ ಮಡಚಿದರೆ ಮೂಲೆಯಲ್ಲಿ ಕೀಲೇ ಇರುವುದಿಲ್ಲ. ನೀರು ನುಗ್ಗಲು ದಾರಿಯೂ ಇಲ್ಲ.

ಬಡಗಿ ಮೊಮ್ಮಗ

ಮೇಡಂ, ಫೋಮ್ ಹಗುರ ಅನ್ನುವುದು ನಿಜ. ಆದರೆ ಬಾಗಿಲಿನ ಹಿಂಜ್ ಎಲ್ಲಿ ಕೂರಿಸುತ್ತೀರಿ? ಸ್ಕ್ರೂ ಫೋಮ್‌ನಲ್ಲಿ ಹಿಡಿಯುವುದಿಲ್ಲ. ಹಿಂದಿನ ಮುಚ್ಚಳ ಎತ್ತುವ ಗ್ಯಾಸ್ ಸ್ಟ್ರಟ್ ಒಂದೊಂದೂ ಹತ್ತಾರು ಪೌಂಡ್ ಒತ್ತುತ್ತದೆ. ಆಲಿಕಲ್ಲು ಬಿದ್ದರೆ?

ಶಿರಸಿ ಸೊಸೆ

ಹಿಂಜ್, ಸ್ಟ್ರಟ್, ಕಿಟಕಿ ಬರುವ ಕಡೆ ಫೋಮ್ ಕೊರೆದು ಮರದ ತುಂಡು ಹುದುಗಿಸುವುದು. ಬಾಗಿಲ ಸುತ್ತ ಮರದ ಚೌಕಟ್ಟು. ನೆಲ ಪ್ಲೈವುಡ್. ಮರ ಬೇಕಾದಲ್ಲಿ ಮರ ಹಾಕಿದ್ದೇವೆ, ಬೇಡದ ಕಡೆ ಬಿಟ್ಟಿದ್ದೇವೆ. ಆಲಿಕಲ್ಲಿಗೆ ತಗ್ಗು ಬೀಳಬಹುದು, ಒಪ್ಪುತ್ತೇನೆ. ಅಲ್ಯೂಮಿನಿಯಂಗೂ ಬೀಳುತ್ತದೆ. ನಾನು ಆ ಜಾಗಕ್ಕೆ ಪುಟ್ಟಿ, ಬಟ್ಟೆ, ಪೇಂಟ್ ಹಾಕಿ ಸರಿ ಮಾಡಬಹುದು. ಅಲ್ಯೂಮಿನಿಯಂ ಹಾಳೆ ಬದಲಿಸಲು ಅಂಚಿನ ಪಟ್ಟಿ ಎಲ್ಲ ಬಿಚ್ಚಬೇಕು.

ಮೈಸೂರು ಮಂಜು

ಸುಮ್ನೆ ಒಂದು ಕೊಂಡುಕೊಳ್ಳಬಹುದಲ್ವಾ? ಇಷ್ಟು ತಲೆನೋವು ಯಾಕೆ?

ಆಸ್ಟಿನ್ ತಿಪ್ಪೇಶ

ಮಂಜು, ಟಿಯರ್‌ಡ್ರಾಪ್ ಹುಟ್ಟಿದ್ದೇ ಮನೆಯಲ್ಲಿ ಕಟ್ಟುವುದಕ್ಕೆ. 1930ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳ ಪತ್ರಿಕೆಗಳಲ್ಲಿ ಇದರ ನಕ್ಷೆ ಬರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಯೂಮಿನಿಯಂ ಮತ್ತೆ ಜನರ ಕೈಗೆ ಸಿಕ್ಕಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಒಂದು ನಕ್ಷೆ ಅಚ್ಚು ಹಾಕಿತು. ಎಷ್ಟೋ ಮನೆಗಳಲ್ಲಿ ಜನ ಅದನ್ನು ನೋಡಿ ಕಟ್ಟಿದರು. 4 ಅಡಿ ಎತ್ತರ, 8 ಅಡಿ ಉದ್ದ ಅನ್ನುವ ಅಳತೆಯೂ ಸುಮ್ನೆ ಬಂದದ್ದಲ್ಲ. ಪ್ಲೈವುಡ್ ಹಾಳೆಯ ಅಳತೆಯೇ ಅದು. ಒಂದು ಹಾಳೆಗೆ ಒಂದು ಗೋಡೆ. ಆಮೇಲೆ ಕಾರುಗಳು ದೊಡ್ಡದಾದವು, ಟ್ರೈಲರ್‌ಗಳೂ ದೊಡ್ಡದಾದವು, ಇದು ಹಿಂದೆ ಬಿತ್ತು. ಇಂಟರ್ನೆಟ್ ಬಂದ ಮೇಲೆ ಕಟ್ಟುವವರು ಒಬ್ಬರಿಗೊಬ್ಬರು ಸಿಕ್ಕರು, ಮತ್ತೆ ಶುರುವಾಯಿತು.

ಮೈಸೂರು ಮಂಜು

ಓಹೋ. ಇಲ್ಲಿ ನಮ್ಮೂರಲ್ಲಿ ಮಾಡಿದರೆ ಆರ್‌ಟಿಒದವರು ಬಿಡ್ತಾರಾ?

ದಾವಣಗೆರೆ ವೆಲ್ಡರ್

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವರ್ಕ್‌ಶಾಪ್ ಇದೆ, ಅದಕ್ಕೇ ಬಂದೆ. ಭಾರತದಲ್ಲಿ ಟ್ರೇಲರ್‌ಗೆ ಅದರದ್ದೇ ನೋಂದಣಿ ಬೇಕು. ಖಾಸಗಿ ಬಳಕೆಯ ಕ್ಯಾಂಪರ್ ಟ್ರೇಲರ್ ಅನ್ನುವ ವರ್ಗ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಇದೆ. ಆದರೂ ಮಂಜು ಅವರೇ, ಒಂದು ರೂಪಾಯಿ ಖರ್ಚು ಮಾಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ನಕ್ಷೆ ತೋರಿಸಿ ಕೇಳಿ. ಕಟ್ಟಿದ ಮೇಲೆ ಕೇಳಿದರೆ ಮನೆ ಮುಂದೆ ನಿಲ್ಲಿಸಿಕೊಳ್ಳಬೇಕಾಗುತ್ತದೆ.

ಗಿರಿ ಸರ್‌ಗೆ ಒಂದು ಮಾತು. ಎಲ್ಲರೂ ಗೋಡೆ ಬಗ್ಗೆ ಜಗಳ ಮಾಡುತ್ತಿದ್ದೀರಿ. ಆಕ್ಸಲ್, ಅಂದರೆ ಗಾಲಿಗಳ ಅಚ್ಚು, ಎಲ್ಲಿ ಕೂರಿಸುತ್ತೀರಿ ಅಂತ ಯಾರೂ ಕೇಳಲೇ ಇಲ್ಲ. ಎರಡು ಗಾಲಿಯ ಟ್ರೇಲರ್‌ನಲ್ಲಿ ಆಕ್ಸಲ್ ನಟ್ಟನಡುವೆ ಇರಬಾರದು. ನಾವು ಹಿಂದಕ್ಕೆ ಸರಿಸುತ್ತೇವೆ. ಆಗ ಒಂದಷ್ಟು ಭಾರ ಮುಂದಿನ ಹುಕ್ ಮೇಲೆ ಕೂರುತ್ತದೆ. ಟ್ರ್ಯಾಕ್ಟರ್‌ಗಾದರೆ ಹಿಂದಿನ ಗಾಲಿಗೆ ಹಿಡಿತ ಬರುತ್ತದೆ. ಕಾರಿಗೂ ಆ ಭಾರ ಬೇಕೇ ಬೇಕು, ಕಾರಣ ಬೇರೆ.

ಬಡಗಿ ಮೊಮ್ಮಗ

ಅಣ್ಣ ಸರಿಯಾದ ಜಾಗಕ್ಕೆ ಕೈ ಹಾಕಿದರು. ಇಲ್ಲಿ ಅದನ್ನು ಟಂಗ್ ವೇಟ್ ಅಂತಾರೆ. ಒಟ್ಟು ತೂಕದ ಶೇಕಡ 10ರಿಂದ 15 ಕಾರಿನ ಹಿಚ್ ಮೇಲೆ, ಅಂದರೆ ಟ್ರೈಲರ್ ತಗುಲಿಸುವ ಕೊಕ್ಕೆ ಮೇಲೆ, ಇರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಾಗ ಟ್ರೈಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಜಾಸ್ತಿಯಾದರೆ ಕಾರಿನ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರದ ಹಿಡಿತ ಹೋಗುತ್ತದೆ. 1,100 ಪೌಂಡ್ ಟ್ರೈಲರ್ ಆದರೆ 110ರಿಂದ 165. ಆದರೆ ಕಾರಿನ ಮ್ಯಾನ್ಯುಯಲ್‌ನಲ್ಲಿ ಹಿಚ್ ಮೇಲಿನ ಭಾರಕ್ಕೂ ಒಂದು ಮಿತಿ ಕೊಟ್ಟಿರುತ್ತಾರೆ, ಅದನ್ನು ದಾಟಬಾರದು. ಆ ಭಾರ ಕಾರಿನ ಒಳಗೆ ಕೂತ ಜನರ ತೂಕದ ಜೊತೆಗೇ ಸೇರುತ್ತದೆ.

ಬೇ ಏರಿಯಾ ಭಾಗ್ಯ

ಇದನ್ನು ಅಳೆಯುವುದು ಹೇಗೆ? ಮನೆಯಲ್ಲಿ?

ದಾವಣಗೆರೆ ವೆಲ್ಡರ್

ತೂಕ ನೋಡಿಕೊಳ್ಳುವ ಬಾತ್‌ರೂಮ್ ಸ್ಕೇಲ್ ಸಾಕು ಮೇಡಂ. ಟ್ರೇಲರ್‌ನ ಮೂತಿ ಕೆಳಗೆ ಮರದ ದಿಮ್ಮಿ ನಿಲ್ಲಿಸಿ, ದಿಮ್ಮಿ ಕೆಳಗೆ ಸ್ಕೇಲ್. ಕಾರಿಗೆ ಕಟ್ಟಿದಾಗ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರ ಇರಬೇಕು. ಸಾಮಾನು ಎಲ್ಲ ತುಂಬಿಯೇ ಅಳೆಯಿರಿ, ನೀರಿನ ಕ್ಯಾನ್ ಕೂಡ. ಗಾಲಿಗೆ ಕಲ್ಲು ಕೊಡಲು ಮರೆಯಬೇಡಿ.

ಶಿರಸಿ ಸೊಸೆ

ಟಿಯರ್‌ಡ್ರಾಪ್‌ನಲ್ಲಿ ಇದು ಇನ್ನೂ ಮುಖ್ಯ. ಅಡುಗೆಕಟ್ಟೆ ಹಿಂದೆ ಇರುತ್ತದೆ. ಒಲೆ, ಪಾತ್ರೆ, ಕೂಲರ್, ನೀರು ಎಲ್ಲ ಆಕ್ಸಲ್‌ನ ಹಿಂದೆ ಬಿತ್ತು ಅಂದ್ಕೊಳ್ಳಿ. ಮುಂದೆ ಬರೀ ಹಾಸಿಗೆ. ಅಲ್ಲಿಗೆ ಮೂತಿ ಹಗುರವಾಯಿತು. ಅದಕ್ಕೇ ನಾವು ಬ್ಯಾಟರಿ, ಗ್ಯಾಸ್ ಸಿಲಿಂಡರ್, ಜ್ಯಾಕ್ ಎಲ್ಲ ಮುಂದಿನ ಪೆಟ್ಟಿಗೆಗೆ ಹಾಕಿದೆವು. ಆಕ್ಸಲ್ ಅನ್ನು ಡಬ್ಬದ ಮುಂತುದಿಯಿಂದ ಶೇಕಡ 60ರ ಹತ್ತಿರ ಇಟ್ಟೆವು. ಆಕ್ಸಲ್‌ಗೆ ಮೊದಲಿಗೆ ತಾತ್ಕಾಲಿಕವಾಗಿ ಬೋಲ್ಟ್ ಹಾಕಿಡಿ. ಗೋಡೆ ಎದ್ದು, ಕಬಾಟು ಕೂತ ಮೇಲೆ ತೂಕ ನೋಡಿ ಗಟ್ಟಿ ಮಾಡಿ.

ಕಲಬುರಗಿ ಟು ಕಲಮಜೂ

ಬಾಲ ಆಡಿಸುವುದು ಅಂದರೆ ಏನು ಅಂತ ಕಣ್ಣಾರೆ ನೋಡಿದ್ದೇನೆ. ಇಲ್ಲೇ ಐ-94 ಹೆದ್ದಾರಿಯಲ್ಲಿ. ನನ್ನ ಮುಂದೆ ಒಂದು ಸಣ್ಣ ಟ್ರೈಲರ್ ಹೋಗುತ್ತಿತ್ತು, ಹಿಂದೆ ಎರಡು ಸೈಕಲ್ ತೂಗುಹಾಕಿದ್ದರು. ಒಂದು ಲಾರಿ ಪಕ್ಕದಲ್ಲಿ ದಾಟಿ ಹೋಯಿತು. ಆ ಗಾಳಿಗೆ ಟ್ರೈಲರ್ ಎಡಕ್ಕೆ ಬಲಕ್ಕೆ ಹೊಯ್ದಾಡಿತು. ಓಡಿಸುತ್ತಿದ್ದವರು ಬ್ರೇಕ್ ಒತ್ತಿದರು, ಇನ್ನೂ ಜಾಸ್ತಿಯಾಯಿತು. ಕೊನೆಗೆ ಪಕ್ಕದ ಹುಲ್ಲಿನಲ್ಲಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ.

ಹಾಗೆ ಆದರೆ ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಬೇಕು, ಸ್ಟೇರಿಂಗ್ ನೇರ ಹಿಡಿಯಬೇಕು. ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೇರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು. ಮತ್ತೆ ಟ್ರೈಲರ್ ಟೈರ್‌ಗಳು ಸಾಮಾನ್ಯವಾಗಿ ಗಂಟೆಗೆ 65 ಮೈಲಿಗೆ ಮಾಡಿದವು. 75ರಲ್ಲಿ ಹೋಗುವವರ ಜೊತೆ ಪೈಪೋಟಿ ಬೇಡ.

ಬೇ ಏರಿಯಾ ಭಾಗ್ಯ

ನಮ್ಮ ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವ ಗಾಡಿಗೆ ಮಿತಿಯೇ 55. ದಂಡ ಕಟ್ಟಿದವರನ್ನು ನೋಡಿದ್ದೇನೆ.

ಕಲಬುರಗಿ ಟು ಕಲಮಜೂ

ಗಿರಿ, ನಮ್ಮ ಕಡೆಯಿಂದ ಅಪ್ಪರ್ ಪೆನಿನ್ಸುಲಾಗೆ ನೇರ ಹೋಗಬೇಕಾದರೆ ಮ್ಯಾಕಿನಾ ಸೇತುವೆ ದಾಟಬೇಕು. ಐದು ಮೈಲಿ ಉದ್ದ, ಎರಡೂ ಕಡೆ ದೊಡ್ಡ ಸರೋವರ. ಗಾಳಿ ಜೋರಾದಾಗ ಎತ್ತರದ ಗಾಡಿಗಳನ್ನು 20 ಮೈಲಿ ವೇಗದಲ್ಲಿ ಹೋಗಲು ಹೇಳುತ್ತಾರೆ. ಗಾಳಿ ಇನ್ನೂ ಹೆಚ್ಚಾದರೆ ಜೊತೆಗೆ ಒಂದು ಗಾಡಿ ಕಳಿಸಿ ದಾಟಿಸುತ್ತಾರೆ. ಟಿಯರ್‌ಡ್ರಾಪ್ ಕಾರಿನ ಮರೆಯಲ್ಲೇ ಬರುವಷ್ಟು ಗಿಡ್ಡ. ಇದನ್ನು ಆರಿಸಿದ್ದಕ್ಕೆ ನಿಮಗೆ ಅಲ್ಲಿ ಸಮಾಧಾನ ಆಗುತ್ತದೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಿ

ಇಷ್ಟು ಮಾಹಿತಿ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮುಕ್ಕಾಲು ಇಂಚಿನ ಗೋಡೆ ಬಿಟ್ಟೆ. ನೆಲಕ್ಕೆ ಮಾತ್ರ ಪ್ರೆಶರ್ ಟ್ರೀಟೆಡ್ ಪ್ಲೈವುಡ್ ಹಾಕಿದರೆ ಹೇಗೆ? ಕೆಳಗಿಂದ ರಸ್ತೆಯ ನೀರು, ಉಪ್ಪು ಎಲ್ಲ ಹೊಡೆಯುತ್ತದೆ.

ಬಡಗಿ ಮೊಮ್ಮಗ

ಬೇಡ. ಆ ಮರಕ್ಕೆ ತಾಮ್ರದ ರಾಸಾಯನಿಕ ತುಂಬಿರುತ್ತಾರೆ. ಅಲ್ಯೂಮಿನಿಯಂ ಅದನ್ನು ಮುಟ್ಟಿದ ಕಡೆ ತಿಂದುಹೋಗುತ್ತದೆ, ಸಾದಾ ಸ್ಕ್ರೂ ಕೂಡ. ಜೊತೆಗೆ ಅದು ಒದ್ದೆಯಾಗಿಯೇ ಅಂಗಡಿಗೆ ಬರುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ. ನೀವು ಅದರ ಮೇಲೆಯೇ ಮಲಗುವುದು ಬೇರೆ. ಸಾದಾ ಎಕ್ಸ್‌ಟೀರಿಯರ್ ಪ್ಲೈ ತಗೊಳ್ಳಿ. ಕೆಳಭಾಗಕ್ಕೆ ಆಸ್ಫಾಲ್ಟ್ ಎಮಲ್ಶನ್ (ನೀರಿನಲ್ಲಿ ಕಲಸಿದ ಡಾಂಬರು) ಎರಡು ಮೂರು ಕೈ ಹಚ್ಚಿ. ಅಂಚುಗಳಿಗೆ ಜಾಸ್ತಿ ಹಚ್ಚಿ. ಪ್ಲೈವುಡ್ ನೀರು ಕುಡಿಯುವುದೇ ಅಂಚಿನಿಂದ.

ಮರದ ಉಳಿದ ಭಾಗಕ್ಕೆ ಆಯಿಲ್ ಬೇಸ್ಡ್ ಪಾಲಿಯುರೆಥೇನ್ ವಾರ್ನಿಶ್‌ಗೆ ಸಮಸಮ ಮಿನರಲ್ ಸ್ಪಿರಿಟ್ಸ್ (ಪೇಂಟ್ ತೆಳು ಮಾಡುವ ದ್ರವ) ಬೆರೆಸಿ ಹಚ್ಚುವ ಪದ್ಧತಿ ಇದೆ. ತೆಳ್ಳಗಿರುವುದರಿಂದ ಒಳಕ್ಕೆ ಇಳಿಯುತ್ತದೆ. ಅದು ಒಣಗಿದ ಮೇಲೆ ಏನೂ ಬೆರೆಸದ್ದನ್ನು ಹಚ್ಚಿ. ಸ್ಕ್ರೂ ಹೋಗುವ ತೂತುಗಳ ಒಳಗೂ ಹಚ್ಚಿ. ಗ್ಯಾರೇಜಿನ ಬಾಗಿಲು ತೆಗೆದಿಡಿ, ವಾಸನೆ ಒಳ್ಳೆಯದಲ್ಲ.

ಆಸ್ಟಿನ್ ತಿಪ್ಪೇಶ

ನೀರಿನ ವಿಷಯ ಬಂತಲ್ಲ, ಇದು ಹೇಳಲೇಬೇಕು. ನಾನು ಸೆಕೆಂಡ್ ಹ್ಯಾಂಡ್ ಟಿಯರ್‌ಡ್ರಾಪ್ ಒಂದನ್ನು ಕೊಂಡೆ, ಹೊರಗೆ ಹೊಳೆಯುತ್ತಿತ್ತು. ಒಳಗೆ ಹಾಸಿಗೆ ಎತ್ತಿ ಬೆರಳಿನಿಂದ ಒತ್ತಿದರೆ ಮೂಲೆಯ ಮರ ಪುಡಿ. ಕಟ್ಟಿದವರು ಎಲ್ಲ ಕಡೆ ಸಿಲಿಕೋನ್ ಬಳಿದಿದ್ದರು. ಸಿಲಿಕೋನ್ ಕಿತ್ತು ಬಂದರೆ ಅದರ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ, ಪೇಂಟ್ ಸಹ ಹಿಡಿಯುವುದಿಲ್ಲ. ಅಂಚಿನ ಪಟ್ಟಿ, ಕಿಟಕಿ, ಫ್ಯಾನ್ ಎಲ್ಲದರ ಕೆಳಗೆ ಬ್ಯುಟೈಲ್ ಟೇಪ್ (ಅಂಟುವ ರಬ್ಬರ್ ಪಟ್ಟಿ) ಹಾಕಿ. ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ.

ಇನ್ನೊಂದು. ಅಲ್ಯೂಮಿನಿಯಂ ಹಾಳೆಯನ್ನು ಮರಕ್ಕೆ ಪೂರ್ತಿ ಅಂಟಿಸಬೇಡಿ. 10 ಅಡಿ ಹಾಳೆ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಮರ ಅಷ್ಟು ಹಿಗ್ಗುವುದಿಲ್ಲ. ಅಂಟಿಸಿದರೆ ಬಿಸಿಲಿಗೆ ಉಬ್ಬುತ್ತದೆ. ಅಂಚಿನ ಪಟ್ಟಿಯ ಕೆಳಗೆ ಹಿಡಿದುಕೊಂಡಿರಲಿ, ನಡುವೆ ಸಡಿಲ ಇರಲಿ. ಆ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ.

ಶಿರಸಿ ಸೊಸೆ

ಅದಕ್ಕೇ ಬಟ್ಟೆ, ಪೇಂಟ್ ಅಂತ ನಾನು ಹೇಳುವುದು!

ಬಡಗಿ ಮೊಮ್ಮಗ

ಮೇಡಂ, ಬಟ್ಟೆಗೂ ಎರಡು ಮೂರು ವರ್ಷಕ್ಕೊಮ್ಮೆ ಪೇಂಟ್ ಬೇಕಲ್ಲ. ಅದನ್ನೂ ಹೇಳಿ.

ಶಿರಸಿ ಸೊಸೆ

ಬೇಕು. ಒಂದು ಗ್ಯಾಲನ್ ಪೇಂಟ್, ಒಂದು ಮಧ್ಯಾಹ್ನ. ನನಗೆ ಅದು ಹೊರೆ ಅನಿಸಿಲ್ಲ.

ಚಿಕಾಗೋ ಚಂದ್ರಿಕಾ

ಮುಖ್ಯವಾದ ಪ್ರಶ್ನೆ ನನ್ನದು. ಇದರಲ್ಲಿ ದೋಸೆಗೆ ಚಟ್ನಿ ರುಬ್ಬಬಹುದಾ? ಬರೀ ಬ್ರೆಡ್ ತಿಂದುಕೊಂಡು ನಾಲ್ಕು ದಿನ ಇರಲು ನಮ್ಮ ಮನೆಯವರು ಒಪ್ಪುವುದಿಲ್ಲ.

ಆಸ್ಟಿನ್ ತಿಪ್ಪೇಶ

ಧಾರಾಳವಾಗಿ ರುಬ್ಬಿ ಅಕ್ಕ. 12 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್ ಅವರ್ ಇರುತ್ತದೆ. 750 ವ್ಯಾಟ್ ಮಿಕ್ಸಿ ಐದು ನಿಮಿಷ ಓಡಿದರೆ 62 ಖರ್ಚು. ಶೇಕಡ 5 ಅಷ್ಟೆ. ಆದರೆ ಮಿಕ್ಸಿ ಶುರುವಾಗುವ ಕ್ಷಣದಲ್ಲಿ ಜಾಸ್ತಿ ಎಳೆಯುತ್ತದೆ, ಹಾಗಾಗಿ ಇನ್ವರ್ಟರ್ 1,500 ವ್ಯಾಟ್‌ನದು ಇರಲಿ. ಬ್ಯಾಟರಿಯಿಂದ ಇನ್ವರ್ಟರ್‌ಗೆ 60 ಆಂಪಿಯರ್‌ಗಿಂತ ಹೆಚ್ಚು ಹರಿಯುತ್ತದೆ. ವೈರ್ ದಪ್ಪ ಇರಬೇಕು, ಗಿಡ್ಡ ಇರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಇಂಡಕ್ಷನ್ ಒಲೆ ಮಾತ್ರ ಬೇಡ. 1,800 ವ್ಯಾಟ್‌ನಲ್ಲಿ ಒಂದು ಗಂಟೆಯೊಳಗೆ ಬ್ಯಾಟರಿ ಖಾಲಿ.

ಮಿಶಿಗನ್‌ನವರಿಗೆ ಒಂದು ಎಚ್ಚರಿಕೆ. ಈ ಬ್ಯಾಟರಿಯನ್ನು ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ತಂದಿಡಿ.

ಚಿಕಾಗೋ ಚಂದ್ರಿಕಾ

ಅಬ್ಬಾ, ಸಮಾಧಾನವಾಯಿತು. ಕುಕ್ಕರ್ ಪ್ರೊಪೇನ್ ಒಲೆ ಮೇಲೆ ಇಟ್ಟರಾಯಿತು. ಮಳೆ ಬಂದರೆ ಒಲೆ ಒಳಗೆ ತಗೊಂಡು ಹೋಗಬಹುದಾ?

ಬೇ ಏರಿಯಾ ಭಾಗ್ಯ

ಯಾವತ್ತೂ ಬೇಡ! ಒಲೆ ಉರಿಯುವಾಗ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ (ಸಿಒ) ವಾಸನೆ ಇಲ್ಲ, ಬಣ್ಣ ಇಲ್ಲ. ಅಷ್ಟು ಚಿಕ್ಕ ಜಾಗ ತುಂಬಲು ಎಷ್ಟು ಹೊತ್ತು ಬೇಕು? ಒಲೆ, ಇದ್ದಿಲು, ಪ್ರೊಪೇನ್ ಹೀಟರ್ ಯಾವುದೂ ಒಳಗೆ ಬೇಡ. ಬ್ಯಾಟರಿಯ ಸಿಒ ಅಲಾರಂ ಒಳಗೆ ಕಡ್ಡಾಯ ಹಾಕಿ. ಮಳೆಗೆ ಹಿಂದಿನ ಮುಚ್ಚಳದ ಮೇಲೆ ಒಂದು ಟಾರ್ಪಾಲ್ ಕಟ್ಟಿಕೊಳ್ಳಿ.

ಒಳಗಿನ ಗಾಳಿ ಬಗ್ಗೆಯೂ ಹೇಳುತ್ತೇನೆ. ಇಬ್ಬರು ಮಲಗಿದರೆ ಬೆಳಗ್ಗೆ ಮಾಡಿನಿಂದ ನೀರು ತೊಟ್ಟಿಕ್ಕುತ್ತದೆ. ಅದು ಸೋರಿಕೆ ಅಲ್ಲ, ನಮ್ಮ ಉಸಿರು. ಮಾಡಿನಲ್ಲಿ 14 ಇಂಚು ಚದರದ ಫ್ಯಾನ್ ಹಾಕಿ, ನಿಧಾನಕ್ಕೆ ಓಡಿಸಿ. ಎದುರು ಮೂಲೆಯ ಕಿಟಕಿ ಎರಡು ಬೆರಳು ತೆರೆದಿಡಿ. ಹಾಸಿಗೆ ನೇರ ಪ್ಲೈ ಮೇಲೆ ಬೇಡ, ಕೆಳಗೆ ಗಾಳಿಯಾಡುವ ಜಾಲರಿ ಹಾಸಿ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಕಲಬುರಗಿ ಟು ಕಲಮಜೂ

ಮಗು ಎಲ್ಲಿ ಮಲಗಬೇಕು ಅಂತ ಗಿರಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. 4 ಅಡಿ ಅಗಲದ್ದರಲ್ಲಿ ಒಳಗೆ ಸಿಗುವುದು 46 ಇಂಚು ಚಿಲ್ಲರೆ. ಫುಲ್ ಸೈಜ್ ಹಾಸಿಗೆಯೇ 54 ಇಂಚು. ಇಬ್ಬರು ದೊಡ್ಡವರಿಗೇ ಇಕ್ಕಟ್ಟು. 5 ಅಡಿಯಾದರೆ ಒಳಗೆ 58ರ ಸುಮಾರು ಸಿಗುತ್ತದೆ. ಆಗ ಕಾಲಿನ ಕಡೆ, ಅಡುಗೆಕಟ್ಟೆಯ ಗೋಡೆಗೆ ಒರಗಿಸಿ ಅಡ್ಡಲಾಗಿ ಒಂದು ಸಣ್ಣ ಬಂಕ್ ಮಾಡಬಹುದು. ನಿಮ್ಮ ಕಾಲು ಅದರ ಕೆಳಗೆ, ಮಗು ಮೇಲೆ. ಆರು ವರ್ಷದ ಹುಡುಗಿ ನಾಲ್ಕು ಅಡಿ ಒಳಗೇ ಇರುತ್ತಾಳೆ, ಆರಾಮಾಗಿ ಹಿಡಿಸುತ್ತದೆ.

ಆಸ್ಟಿನ್ ತಿಪ್ಪೇಶ

ಇನ್ನು ಮೂರು ನಾಲ್ಕು ವರ್ಷ ಕಳೆದರೆ ಬಂಕ್ ಸಾಲದು. ಆಗ ಪಕ್ಕದ ಬಾಗಿಲಿಗೆ ತಗುಲಿಸುವ ಟೆಂಟ್ ಕೊಡಿಸಿ. ಅಷ್ಟು ಹೊತ್ತಿಗೆ ಅವಳಿಗೂ ತನ್ನದೇ ಜಾಗ ಬೇಕು ಅನಿಸಿರುತ್ತದೆ.

ಬಡಗಿ ಮೊಮ್ಮಗ

5 ಅಡಿ ಅಗಲ, 8 ಅಡಿ ಉದ್ದ ಒಪ್ಪುತ್ತೇನೆ, 10 ಅಡಿ ಬೇಡ. ಒಂದು ನೋಟ್‌ಬುಕ್ ಇಡಿ ಗಿರಿ. ಒಳಗೆ ಹೋಗುವ ಪ್ರತಿ ವಸ್ತುವನ್ನೂ ತೂಗಿ ಬರೆಯಿರಿ. ಸ್ಕ್ರೂ ಡಬ್ಬಿ, ಅಂಟು, ಪೇಂಟ್ ಕೂಡ.

ಹಿಂದಿನ ಮುಚ್ಚಳದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟುವವರು ಅಲ್ಲೇ ಎಡವುವುದು. ತೆಳು ಪ್ಲೈಯನ್ನು ಬಾಗಿಸಿ ಪಕ್ಕೆಲುಬಿನಂಥ ಪಟ್ಟಿಗಳಿಗೆ ಅಂಟಿಸುತ್ತಾರೆ. ಕ್ಲ್ಯಾಂಪ್ ತೆಗೆದ ತಕ್ಷಣ ಅದು ಮತ್ತೆ ಚಪ್ಪಟೆಯಾಗಲು ನೋಡುತ್ತದೆ. ಗೋಡೆಯ ವಕ್ರಕ್ಕೂ ಮುಚ್ಚಳದ ವಕ್ರಕ್ಕೂ ನಡುವೆ ಬೆರಳು ತೂರುವ ಸಂದು ಬೀಳುತ್ತದೆ. ಮಳೆ ನೀರು ಅಲ್ಲಿಂದಲೇ ಬರುತ್ತದೆ. ಅದಕ್ಕೆ ಪಟ್ಟಿಗಳ ವಕ್ರವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಡಿ. ಹೊರಗೂ ಒಳಗೂ ಎರಡೂ ಕಡೆ ಪ್ಲೈ ಅಂಟಿಸಿ. ಅಂಟು ಪೂರ್ತಿ ಒಣಗುವ ತನಕ ಟ್ರೈಲರ್ ಮೇಲೆಯೇ ರ‍್ಯಾಚೆಟ್ ಪಟ್ಟಿಯಿಂದ ಬಿಗಿದಿಡಿ. ಎರಡು ಹಾಳೆ ನಡುವೆ ಪಟ್ಟಿ ಸಿಕ್ಕಿಕೊಂಡ ಮೇಲೆ ಅದು ಹಿಂದೆ ಹೋಗುವುದಿಲ್ಲ. ಹಿಂಜ್‌ಗೆ ಹರಿಕೇನ್ ಹಿಂಜ್ ಅಂತ ಸಿಗುತ್ತದೆ, ಇಡೀ ಅಗಲಕ್ಕೆ ಒಂದೇ ಅಲ್ಯೂಮಿನಿಯಂ ಪಟ್ಟಿ. ನೀರು ಅದರ ಮೇಲೆ ಜಾರಿ ಹೋಗುತ್ತದೆ.

ದಾವಣಗೆರೆ ವೆಲ್ಡರ್

ಲೈಟ್‌ಗಳ ವೈರಿಂಗ್ ಮಾಡುವಾಗ ಬಿಳಿ ವೈರ್ ನೋಡಿಕೊಳ್ಳಿ ಸರ್. ಅದು ಅರ್ಥ್. ಪೇಂಟ್ ಕೆರೆದು ಬರಿ ಕಬ್ಬಿಣಕ್ಕೆ ಬಿಗಿಯಿರಿ. ಟ್ರೇಲರ್ ಲೈಟ್ ಕೆಟ್ಟಿದೆ ಅಂತ ಬಂದವರದ್ದು ಜಾಸ್ತಿ ಅರ್ಥ್ ಸಡಿಲ ಆಗಿರುತ್ತದೆ.

ಆಸ್ಟಿನ್ ತಿಪ್ಪೇಶ

ಅಣ್ಣ ಹೇಳಿದ್ದು ಇಲ್ಲಿಗೂ ಸರಿ. ಇಲ್ಲಿನ ನಾಲ್ಕು ವೈರ್ ಪ್ಲಗ್‌ನಲ್ಲಿ ಬಿಳಿ ಅರ್ಥ್, ಕಂದು ಹಿಂದಿನ ಲೈಟ್, ಹಳದಿ ಎಡ, ಹಸಿರು ಬಲ. ಬ್ರೇಕ್ ಲೈಟ್ ಹಳದಿ ಹಸಿರಲ್ಲೇ ಬರುತ್ತದೆ. ಸೇಫ್ಟಿ ಚೈನ್ ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ಹಾಕಿ. ಹೊಸ ಚಕ್ರದ ನಟ್‌ಗಳನ್ನು ಮೊದಲ 50 ಮೈಲಿ ಆದ ಮೇಲೆ ಮತ್ತೆ ಬಿಗಿಯಿರಿ.

ಕಲಬುರಗಿ ಟು ಕಲಮಜೂ

ಕಾಗದಪತ್ರದ ವಿಷಯ. ಮಿಶಿಗನ್‌ನಲ್ಲಿ 2,500 ಪೌಂಡ್‌ಗಿಂತ ಕಡಿಮೆ ತೂಕದ ಟ್ರೈಲರ್‌ಗೆ ಟೈಟಲ್ (ಒಡೆತನದ ಪತ್ರ) ಬೇಡ, ನಂಬರ್ ಪ್ಲೇಟ್ ಬೇಕು. ಪ್ಲೇಟ್ ಒಮ್ಮೆ ತಗೊಂಡರೆ ಶಾಶ್ವತ, ಶುಲ್ಕ ತೂಕದ ಮೇಲೆ. ಕಿಟ್ ಜೊತೆ ಬರುವ ತಯಾರಕರ ಪತ್ರವನ್ನು ಜೋಪಾನ ಇಡಿ, ಎಲ್ಲ ರಸೀದಿಗಳನ್ನೂ ಇಡಿ. ಕಟ್ಟಿದ ಮೇಲೆ ಟ್ರಕ್ ಸ್ಟಾಪ್‌ನ ತೂಕದ ಕಾಟಾದಲ್ಲಿ ತೂಗಿಸಿ ಚೀಟಿ ತಗೊಳ್ಳಿ. ಹೋಗುವ ಮೊದಲು ವಾಹನ ನೋಂದಣಿ ಮಾಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಫೋನ್ ಮಾಡಿ ಏನೇನು ಬೇಕು ಅಂತ ಕೇಳಿ. ಬೇರೆ ರಾಜ್ಯದವರು ನನ್ನ ಮಾತು ನಂಬಬೇಡಿ, ಪ್ರತಿ ರಾಜ್ಯದಲ್ಲೂ ನಿಯಮ ಬೇರೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಿ

ಎಲ್ಲ ಓದಿ ಮನೆಯಲ್ಲಿ ಕೂತು ಮಾತಾಡಿದೆವು. 5 ಅಡಿ ಅಗಲ, 8 ಅಡಿ ಉದ್ದದ ವೆಲ್ಡ್ ಮಾಡಿದ ಟ್ರೈಲರ್ ತಗೊಳ್ಳುತ್ತೇವೆ. ಗೋಡೆಗೆ ಪೈನ್ ಚೌಕಟ್ಟು, ಒಳಗೆ ಫೋಮ್, ಎರಡೂ ಕಡೆ ತೆಳು ಪ್ಲೈ. ಮಾಡು ಮತ್ತು ಹೊರಮೈಗೆ ಶಿರಸಿ ಅಕ್ಕ ಹೇಳಿದ ಕ್ಯಾನ್ವಾಸ್. ಅಲ್ಯೂಮಿನಿಯಂ ಬಿಟ್ಟಿದ್ದರಿಂದ ಸುಮಾರು 90 ಪೌಂಡ್ ಉಳಿಯಿತು. ಅದರಲ್ಲಿ ಮಗಳ ಬಂಕ್ ಬರುತ್ತದೆ. ನೀರು ಕ್ಯಾಂಪ್ ತಲುಪಿದ ಮೇಲೆ ತುಂಬಿಕೊಳ್ಳುತ್ತೇವೆ. ಎಲ್ಲ ಸೇರಿ 1,250 ದಾಟಬಾರದು ಅಂತ ಗೆರೆ ಹಾಕಿಕೊಂಡಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ನನ್ನ ಗ್ಯಾರೇಜಿಗೆ ಹೀಟರ್ ಇಲ್ಲ. ಡಿಸೆಂಬರ್‌ನಲ್ಲಿ ಅಂಟು ಹಿಡಿಯುತ್ತದಾ?

ಬಡಗಿ ಮೊಮ್ಮಗ

ಹಿಡಿಯುವುದಿಲ್ಲ. ಟೈಟ್‌ಬಾಂಡ್ 3 ಅಂಟಿಗೆ ಕನಿಷ್ಠ 47 ಡಿಗ್ರಿ ಫ್ಯಾರನ್‌ಹೀಟ್ ಬೇಕು. ಅದಕ್ಕಿಂತ ಕೆಳಗೆ ಹೋದರೆ ಸುಣ್ಣದ ಹಾಗೆ ಬೆಳ್ಳಗಾಗಿ ಒಣಗುತ್ತದೆ, ಬಲ ಇರುವುದಿಲ್ಲ. ಗಾಳಿ ಬೆಚ್ಚಗಿದ್ದರೆ ಸಾಲದು, ಮರ ಕೂಡ ಬೆಚ್ಚಗಿರಬೇಕು. ಹಾಗಾಗಿ ಈಗ ಚಳಿಯಲ್ಲಿ ಕತ್ತರಿಸುವ ಕೆಲಸ ಮುಗಿಸಿ. ಒಂದು ಗೋಡೆಯ ಆಕಾರ ಸರಿ ಮಾಡಿ, ಅದನ್ನೇ ಅಚ್ಚಾಗಿಟ್ಟು ಮರ ಕೊರೆಯುವ ರೌಟರ್ ಯಂತ್ರದಲ್ಲಿ ಇನ್ನೊಂದನ್ನು ಕತ್ತರಿಸಿ. ಆಗ ಎರಡೂ ಒಂದೇ ಸಮ ಬರುತ್ತವೆ. ಕಬಾಟು, ಬಾಗಿಲಿನಂಥ ಸಣ್ಣ ಭಾಗಗಳನ್ನು ಬೇಸ್‌ಮೆಂಟಿನಲ್ಲಿ ಅಂಟಿಸಿ. ಗೋಡೆ ಅಂಟಿಸುವುದು ಏಪ್ರಿಲ್‌ಗೆ.

ಶಿರಸಿ ಸೊಸೆ

ಕ್ಯಾನ್ವಾಸ್ ಮೇ ತಿಂಗಳ ತನಕ ಕಾಯಲಿ. ಪೇಂಟ್‌ಗೂ 50 ಡಿಗ್ರಿ ಮೇಲೆ ಬೇಕು, ರಾತ್ರಿ ಕೂಡ. ಮಗಳಿಗೂ ಒಂದು ರೋಲರ್ ಕೊಡಿ, ಆ ಕೆಲಸ ಅವಳು ಚೆನ್ನಾಗಿ ಮಾಡುತ್ತಾಳೆ.

ದಾವಣಗೆರೆ ವೆಲ್ಡರ್

ಟ್ರೇಲರ್ ಬಂದ ದಿನ ಕೆಳಗಿನ ವೆಲ್ಡಿಂಗ್ ಫೋಟೋ ಹಾಕಿ ಸರ್. ಆಕ್ಸಲ್ ಹತ್ತಿರದ್ದು, ಮೂತಿ ಸೇರುವ ಕಡೆಯದ್ದು. ನೋಡಿ ಹೇಳುತ್ತೇನೆ.